ಅನ್ನಪೂರ್ಣಳ ಜಾಯಿಂಟುಗಳು

ಎದುರು ಮನೆಯವರು ತಾರಸಿಯ ಮೇಲೆ ಶೀಟು ಹಾಕಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಶಿವಮೊಗ್ಗದ ರವೀಂದ್ರನಗರದ ನಮ್ಮ ಅಡ್ಡರಸ್ತೆಯ ತುಂಬ ರೆಡ್ ಆಕ್ಸೈಡ್ ವಾಸನೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಮೊದಲ ಕೈ ಬಳಿಯುವ ಆ ಕೆಂಪು ಬಣ್ಣದ ವಾಸನೆ ನಿಮಗೂ ಗೊತ್ತಿರಬಹುದು. ಯಾರಿಗೂ ಇಷ್ಟವಾಗುವಂಥದ್ದಲ್ಲ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದರು. ನಾನು ಮಾತ್ರ ಎದ್ದು ಹೋಗಿ ಕಿಟಕಿ ತೆರೆದು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದೇನೆ. ಮಲ್ಲಿಗೆಯ ವಾಸನೆಗೆ ಹೆಂಡತಿಯ ನೆನಪಾಯಿತು ಎಂದು ಬರೆಯುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ನನ್ನವಳ ಸೀರೆಯ ಅಂಚಿಗೆ, ಕೈಚೀಲಕ್ಕೆ, ಕೆಲವೊಮ್ಮೆ ಮುಂಗೂದಲಿಗೂ ಇದೇ ವಾಸನೆ ಅಂಟಿರುತ್ತಿತ್ತು.

ಅನ್ನಪೂರ್ಣ ಸ್ಟ್ರಕ್ಚರಲ್ ಇಂಜಿನಿಯರ್. ಕಟ್ಟಡ ಚಂದ ಕಾಣುವಂತೆ ಮಾಡುವವರು ಬೇರೆ ಇರುತ್ತಾರೆ. ಅದು ಬೀಳದಂತೆ ನೋಡಿಕೊಳ್ಳುವುದು ಇವಳ ಕೆಲಸ. ಅದರಲ್ಲೂ ಅವಳ ಜೀವವೆಲ್ಲ ಜಾಯಿಂಟುಗಳಲ್ಲಿತ್ತು. ತೊಲೆ ಬಂದು ಕಂಬವನ್ನು ಸೇರುವ ಜಾಗ, ಕಬ್ಬಿಣ ಹೋಗಿ ಕಾಂಕ್ರೀಟನ್ನು ಹಿಡಿಯುವ ಜಾಗ, ಕಂಬ ನೆಲದ ಮೇಲೆ ಕೂರುವ ಜಾಗ. "ತೊಲೆ ದಪ್ಪ ಮಾಡೋದು ಯಾರಿಗೆ ಬೇಕಾದ್ರೂ ಬರುತ್ತೆ ರೀ. ಅದು ಎಲ್ಲಿ ಕೂರುತ್ತೆ, ಹೆಂಗೆ ಕೂರುತ್ತೆ ಅನ್ನೋದೇ ಕೆಲಸ" ಎನ್ನುತ್ತಿದ್ದಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಆಫೀಸು. ನನ್ನದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕನ್ನಡಕದ ಅಂಗಡಿ. ಮಕ್ಕಳಿಲ್ಲ. ಊಟಕ್ಕೆ ಕೂತಾಗ ಅವಳು ನಟ್ಟು ಬೋಲ್ಟಿನ ಮಾತಾಡುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಅರ್ಥವಾಗುತ್ತಿದ್ದುದು ಅರ್ಧ. ಈಗ ಆ ಅರ್ಥವಾಗದ ಅರ್ಧವನ್ನು ಕೇಳುವ ಆಸೆಯಾಗುತ್ತದೆ, ಹೇಳುವವಳಿಲ್ಲ.

ಅವಳು ಹೋಗಿ ಎರಡು ವರ್ಷವಾಗುತ್ತ ಬಂತು. ಹೋದ ಹೊಸದರಲ್ಲಿ ನನಗೊಂದು ಹುಚ್ಚು ಹತ್ತಿತ್ತು. ಅವಳು ಮಾಡಿದ್ದನ್ನು ಕಣ್ಣಾರೆ ನೋಡಬೇಕು. ಫೋಟೋ ಅಲ್ಲ, ನಕ್ಷೆಯೂ ಅಲ್ಲ, ಅವಳು ತಲೆ ಓಡಿಸಿ ಕೂಡಿಸಿದ ಒಂದು ಜಾಗ. ಶಿವಮೊಗ್ಗದಲ್ಲಿ ಅವಳು ಕೈಯಿಟ್ಟ ಕಟ್ಟಡಗಳು ಬೇಕಾದಷ್ಟಿವೆ. ಆದರೆ ಅವಳ ಕಸುಬಿನ ಹಣೆಬರಹ ನೋಡಿ: ಕೆಲಸ ಮುಗಿದ ಕೂಡಲೇ ಅದನ್ನು ಮುಚ್ಚಿಬಿಡುತ್ತಾರೆ. ಒಂದು ಕಡೆ ಗಾರೆ, ಇನ್ನೊಂದು ಕಡೆ ಫಾಲ್ಸ್ ಸೀಲಿಂಗ್, ಮತ್ತೊಂದು ಕಡೆ ಹೊಳೆಯುವ ಹಲಗೆ. ಒಂದು ಜವಳಿ ಅಂಗಡಿಯ ಮೊದಲ ಮಹಡಿಯಲ್ಲಿ ನಾನು ಕತ್ತು ಮೇಲೆತ್ತಿ ಬಹಳ ಹೊತ್ತು ನಿಂತದ್ದನ್ನು ಕಂಡು ಸೇಲ್ಸ್‌ಮನ್ ಬಂದು, "ಬನಿಯನ್ ಕೆಳಗಡೆ ಸಿಗ್ತದೆ ಸಾರ್" ಎಂದ. ಛಾವಣಿಯ ಮೇಲೆ ನನ್ನ ಹೆಂಡತಿಯ ಜಾಯಿಂಟುಗಳಿವೆ, ಅವನ್ನು ನೋಡಬೇಕು ಎಂದು ಅವನಿಗೆ ಹೇಗೆ ಹೇಳಲಿ? ಕೆಳಗಿಳಿದು ಒಂದು ಬನಿಯನ್ ತೆಗೆದುಕೊಂಡು ಬಂದೆ.

ಕೊನೆಗೆ ಒಂದೇ ಒಂದು ಸಿಕ್ಕಿತು. ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಕಲ್ಯಾಣ ಮಂಟಪ. ಮದುವೆ ನಡೆಯುವ ಹಾಲು ಹಳೆಯ ಕಾಂಕ್ರೀಟ್ ಕಟ್ಟಡ. ಊಟದ ಹಾಲು ಪಕ್ಕದಲ್ಲಿ ಆಮೇಲೆ ಕಟ್ಟಿದ ಕಬ್ಬಿಣದ ಕಟ್ಟಡ. ಎರಡೂ ಮೊದಲ ಮಹಡಿಯಲ್ಲಿ. ಅಕ್ಷತೆ ಹಾಕಿದ ಜನ ಕೆಳಗಿಳಿದು, ಮತ್ತೆ ಮೇಲೆ ಹತ್ತಿ ಊಟಕ್ಕೆ ಹೋಗಬೇಕಿತ್ತು. ಮಂಡಿನೋವಿನ ನೆಂಟರು ಊಟ ಬಿಟ್ಟೇ ಹೋಗುತ್ತಿದ್ದರಂತೆ. ಅದಕ್ಕೆ ಎರಡರ ನಡುವೆ ಒಂದು ಕಬ್ಬಿಣದ ಓಡಾಟದ ಸೇತುವೆ ಬೇಕೆಂದು ಅನ್ನಪೂರ್ಣಳ ಹತ್ತಿರ ಬಂದಿದ್ದರು. ಆ ಸೇತುವೆಗೆ ಮಾತ್ರ ಗಾರೆಯಿಲ್ಲ, ಸೀಲಿಂಗಿಲ್ಲ. ಕೆಳಗೆ ನಿಂತು ತಲೆಯೆತ್ತಿದರೆ ಅವಳು ಮಾಡಿದ್ದೆಲ್ಲ ಬಯಲಲ್ಲೇ ಕಾಣುತ್ತಿತ್ತು.

ಕಳೆದ ವಾರ ಸೆಲ್ವರಾಜ್ ಫೋನ್ ಮಾಡಿದರು. ಅವಳ ನಕ್ಷೆಗಳನ್ನು ಕಬ್ಬಿಣದಲ್ಲಿ ಮಾಡಿಕೊಡುತ್ತಿದ್ದ ಫ್ಯಾಬ್ರಿಕೇಟರ್ ಅವರು; ಭದ್ರಾವತಿಯಲ್ಲಿ ಸ್ವಂತ ಶೆಡ್ಡಿದೆ. ನಾವಿಬ್ಬರೂ ಅವರನ್ನು ಸೆಲ್ವಣ್ಣ ಎಂದೇ ಕರೆಯುತ್ತಿದ್ದುದು.

"ಸಾರ್, ಹಳೇ ಹಾಲ್ ಕೆಡವ್ತಾರಂತೆ, ಎ.ಸಿ. ಹಾಲ್ ಮಾಡ್ತಾರೆ. ಮೇಡಮ್ ಬ್ರಿಡ್ಜ್ ಬಿಚ್ಚೋಕೆ ನನಗೇ ಹೇಳಿದಾರೆ. ಭಾನುವಾರ. ನೀವು ಬರ್ತೀರಾ?"

ನಾನು ಆಯಿತು ಎಂದೆನೋ ಇಲ್ಲ ಎಂದೆನೋ ನೆನಪಿಲ್ಲ. ನನ್ನ ಪಾಲಿಗೆ ಉಳಿದಿದ್ದ ಒಂದೇ ಒಂದನ್ನೂ ತೆಗೆಯುತ್ತಾರಂತೆ ಎಂಬುದಷ್ಟೇ ತಲೆಯಲ್ಲಿ ಕೂತಿತು. ಹೋಗಿ ಮಂಟಪದವರ ಕೈಕಾಲು ಹಿಡಿದಾದರೂ ತಡೆಯಬೇಕು ಎಂದು ಆ ರಾತ್ರಿಯೇ ತೀರ್ಮಾನಿಸಿದೆ. ಆ ಭಾನುವಾರ ಎಂದರೆ ನಿನ್ನೆ. ಅದಕ್ಕೆ ಬರುತ್ತೇನೆ, ಸ್ವಲ್ಪ ತಾಳಿ. ಅವಳ ವಿಷಯಕ್ಕೆ ಬಂದರೆ ನನಗೆ ನೆಟ್ಟಗೆ ಹೋಗಲು ಬರುವುದಿಲ್ಲ.

ನಾನು ಅವಳನ್ನು ಮೊದಲು ನೋಡಿದ್ದು ಅದೇ ನ್ಯೂ ಟೌನಿನಲ್ಲಿ, ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ಒಂದು ಪುಟ್ಟ ಮನೆಯಲ್ಲಿ. ಹೆಣ್ಣು ನೋಡುವ ಶಾಸ್ತ್ರ. ಅವಳ ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಹಣೆಗೆ ವಿಭೂತಿ ಇಟ್ಟುಕೊಂಡು, ಮಡಿಸಿದ ಕೈ ಬಿಚ್ಚದೆ ಕೂತಿದ್ದರು. ಹುಡುಗಿ ಬಿ.ಇ. ಓದಿದ್ದಾಳೆ, ನಾನೋ ಬಿ.ಕಾಂ. ಮುಗಿಸಿ ಅಪ್ಪನ ಅಂಗಡಿಯಲ್ಲಿ ಕೂತವನು. ಏನು ಮಾತಾಡಬೇಕೋ ತೋಚದೆ ಕನ್ನಡಕ ತೆಗೆದು ಒರೆಸುತ್ತ, ಕಡ್ಡಿಯ ಸ್ಕ್ರೂ ಸಡಿಲವಾಗಿದೆಯೆಂದು ಉಗುರಲ್ಲೇ ತಿರುಗಿಸುತ್ತಿದ್ದೆ. ಉಪ್ಪಿಟ್ಟು ತಂದಿಟ್ಟವಳು ಒಳಗೆ ಹೋಗದೆ ನನ್ನ ಕೈಯನ್ನೇ ನೋಡುತ್ತ ನಿಂತಳು.

"ಪೂರ್ತಿ ಯಾಕೆ ಬಿಗಿ ಮಾಡಲ್ಲ ನೀವು?" ಎಂದಳು.

"ಪೂರ್ತಿ ಬಿಗಿ ಮಾಡಿದ್ರೆ ಕಡ್ಡಿ ಮಡಚೋಕೆ ಬರಲ್ಲ. ಬಲವಂತ ಮಾಡಿದ್ರೆ ಫ್ರೇಮೇ ಮುರಿಯುತ್ತೆ" ಎಂದೆ.

ಅವಳು ನಕ್ಕಳು. ನಾನು ಜೋಕೇನೂ ಹೇಳಿರಲಿಲ್ಲ. ಅವಳು ಒಪ್ಪಿದಳೆಂಬ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ, ನನಗೆ ಸ್ವಲ್ಪ ಹೆಚ್ಚೇ. ಮದುವೆಯಾದ ಮೇಲೆ ಕೇಳಿದೆ. "ಜಾಯಿಂಟು ಅರ್ಥ ಆಗೋ ಗಂಡು ಸಿಗೋದು ಕಷ್ಟ ರೀ" ಎಂದಳು. ಆ ಒಂದು ಮಾತಿನ ಮೇಲೆ ನಾನು ಬಹಳ ವರ್ಷ ಮೀಸೆ ತಿರುವಿಕೊಂಡು ಓಡಾಡಿದ್ದೇನೆ.

ಅವಳನ್ನು ಮದುವೆಮನೆಗಳಿಗೆ ಕರೆದುಕೊಂಡು ಹೋಗುವುದೇ ಒಂದು ಪಾಡು. ಎಲ್ಲರೂ ವಧುವನ್ನು ನೋಡುತ್ತಿದ್ದರೆ ಇವಳ ಕಣ್ಣು ಛಾವಣಿಯಲ್ಲಿ. ವಧುವಿನ ತಾಯಿ ಬಂದು "ಏನು ಅನ್ನಪೂರ್ಣಮ್ಮ, ಡೆಕೋರೇಷನ್ ಚೆನ್ನಾಗಿದೆಯಾ?" ಎಂದರೆ, "ಆ ಮೂಲೆ ಕಂಬಕ್ಕೆ ತೊಲೆ ಸರಿಯಾಗಿ ಕೂತಿಲ್ಲ" ಎನ್ನುವಳು. ನಾನು ಮಧ್ಯೆ ಬಾಯಿ ಹಾಕಿ ಹೂವಿನ ಅಲಂಕಾರವನ್ನು ಹೊಗಳಬೇಕು. ನಮ್ಮೂರ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಊರಿಗೆ ಊರೇ ನೋಡಲು ಹೋಯಿತು, ನಾವೂ ಹೋದೆವು. ಜನರೆಲ್ಲ ಆಕಾಶ ನೋಡುತ್ತಿದ್ದಾರೆ. ಇವಳು ಒಂದು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಅದು ನೆಲಕ್ಕೆ ಹೇಗೆ ಕೂತಿದೆ ಎಂದು ಬಗ್ಗಿ ನೋಡುತ್ತಿದ್ದಾಳೆ. ಕಾವಲಿನವನು ಬಂದು ಏನಮ್ಮಾ ಕಳೆದುಹೋಯಿತು ಎಂದ. ಕಿವಿಯ ಓಲೆ ಎಂದು ನಾನು ಸುಳ್ಳು ಹೇಳಿದೆ. ಪಾಪ, ಅವನೂ ನಮ್ಮ ಜೊತೆ ಹುಡುಕಿದ. ಕಿವಿಯಲ್ಲಿ ಎರಡೂ ಓಲೆ ಇದ್ದದ್ದು ಅವನಿಗೆ ಕಂಡಿತೋ ಇಲ್ಲವೋ.

ಸೇತುವೆಯ ಕಥೆಗೆ ಬರೋಣ. ಅದರ ಒಂದು ತುದಿಯನ್ನು ಊಟದ ಹಾಲಿನ ಕಡೆ ಬಿಗಿಯಾಗಿ ಬೋಲ್ಟು ಹಾಕಿ ಕಟ್ಟಿದ್ದಳು. ಹಳೆಯ ಕಾಂಕ್ರೀಟ್ ಕಟ್ಟಡದ ಕಡೆ ಮಾತ್ರ ಗೋಡೆಯಿಂದ ಹೊರಬಂದ ಒಂದು ಕಾಂಕ್ರೀಟ್ ಚಾಚಿನ ಮೇಲೆ ಸುಮ್ಮನೆ ಕೂರಿಸಿದ್ದಳು. ಬೋಲ್ಟುಗಳಿದ್ದವು, ಆದರೆ ತೂತುಗಳು ಉದ್ದುದ್ದ. ಕೆಳಗೆ ಜಾರಲು ಟೆಫ್ಲಾನ್ ಹಾಳೆ. ದೋಸೆ ಕಾವಲಿಗೆ ಹಾಕುವ ಟೆಫ್ಲಾನಾ ಎಂದು ಕೇಳಿದೆ, ಅದೇ ಎಂದಳು. ಕಬ್ಬಿಣ ಬಿಸಿಲಿಗೆ ಉದ್ದವಾಗುತ್ತದೆ, ಥಂಡಿಗೆ ಕುಗ್ಗುತ್ತದೆ; ಎರಡು ಕಡೆಯೂ ಬಿಗಿದರೆ ಅದು ಕಾಂಕ್ರೀಟನ್ನು ಗುದ್ದುತ್ತದೆ; ಅದಕ್ಕೇ ಒಂದು ಕಡೆ ಓಡಾಡಲು ಬಿಡಬೇಕು. ನನಗೆ ಇಷ್ಟು ಅರ್ಥವಾಗಿತ್ತು. ಆದರೆ ಸೆಲ್ವಣ್ಣನಿಗೆ ಅರ್ಥವಾಗಿರಲಿಲ್ಲ ಅಥವಾ ಮರೆತುಹೋಗಿತ್ತು. ಒಂದು ಮದುವೆಗೆ ಹೋದವರು, ಜನ ಊಟಕ್ಕೆ ನುಗ್ಗುವಾಗ ಆ ತುದಿ ಕೂದಲೆಳೆಯಷ್ಟು ಅಲುಗಿದ್ದನ್ನು ಕಂಡರು. ಮೇಡಮ್ ಇದನ್ನು ಬಿಗಿ ಮಾಡಿಸಲು ಮರೆತಿದ್ದಾರೆ, ಯಾರಾದರೂ ನೋಡಿದರೆ ಅವರ ಹೆಸರು ಕೆಡುತ್ತದೆ ಎಂದು, ಯಾರಿಗೂ ಹೇಳದೆ ಮರುದಿನವೇ ವೆಲ್ಡಿಂಗ್ ಸೆಟ್ ತಂದು ಆ ತುದಿಯನ್ನು ಚಾಚಿನ ಮೇಲಿನ ಕಬ್ಬಿಣದ ತಟ್ಟೆಗೆ ಸುತ್ತಲೂ ಬೆಸೆದುಬಿಟ್ಟರು. ಒಂದು ಪೈಸೆ ಕೇಳಲಿಲ್ಲ.

ಬೇಸಿಗೆ ಬಂತು. ಕಾಂಕ್ರೀಟಿನ ಚಾಚು ಬಿರುಕು ಬಿಟ್ಟಿತು. ಮಂಟಪದ ಮ್ಯಾನೇಜರ್ ಗಾಬರಿಯಿಂದ ಫೋನ್ ಮಾಡಿದಾಗ ಅನ್ನಪೂರ್ಣಳ ಮುಖ ಬಿಳಿಚಿಕೊಂಡಿತು. ಸಿಕ್ಕ ಬಸ್ಸು ಹತ್ತಿ ಇಬ್ಬರೂ ಭದ್ರಾವತಿಗೆ ಹೋದೆವು. ಏಣಿ ಹತ್ತಿ ನೋಡಿ, ಬೆಸುಗೆಯ ಮೇಲೆ ಬೆರಳಾಡಿಸಿ, ಕೆಳಗೆ ನಿಂತಿದ್ದ ಸೆಲ್ವಣ್ಣನ ಕಡೆ ತಿರುಗಿದಳು.

"ಅಣ್ಣ, ಇದು ಯಾರು ಮಾಡಿದ್ದು?"

"ನಾನೇ ಮೇಡಮ್. ಸಡಿಲ ಇತ್ತು."

"ಸಡಿಲ ಬಿಟ್ಟಿದ್ದು ನಾನೇ ಅಲ್ವಾ ಅಣ್ಣ. ಬಿಸಿಲಿಗೆ ಅದು ಎಲ್ಲಿ ಹೋಗ್ಬೇಕು, ಪಾಪ?"

ಸೆಲ್ವಣ್ಣ ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ. ತಾನೇ ಮುಂದೆ ನಿಂತು ಬೆಸುಗೆಯನ್ನು ಗ್ರೈಂಡರಿನಲ್ಲಿ ಉಜ್ಜಿ ತೆಗೆಸಿದಳು, ಚಾಚನ್ನು ರಿಪೇರಿ ಮಾಡಿಸಿದಳು. ಸೆಲ್ವಣ್ಣ ತಮ್ಮ ತಪ್ಪಿಗೆ ಕ್ಷಮೆ ಕೇಳುತ್ತಲೇ ಇದ್ದಾಗ "ಪೋದುಂ ಅಣ್ಣ, ಸಾಕು" ಎಂದು ಅವರ ತಮಿಳಿನಲ್ಲೇ ನಿಲ್ಲಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದಳು. "ಎಂಥಾ ವೆಲ್ಡಿಂಗ್ ರೀ ಅದು. ಕಾಂಕ್ರೀಟ್ ಬಿಟ್ಕೊಡ್ತು, ಅದು ಬಿಟ್ಕೊಡ್ಲಿಲ್ಲ. ಪ್ರೀತಿ ಇದ್ರೆ ಹಂಗೇ."

ಇಂಥ ಸೇತುವೆ ಅದು. ಅವಳು ಹೋದಮೇಲೆ ಎಷ್ಟೋ ಭಾನುವಾರ ಅಂಗಡಿಗೆ ಬೀಗ ಹಾಕಿ ಭದ್ರಾವತಿಯ ಬಸ್ಸು ಹತ್ತಿದ್ದೇನೆ. ಅದರ ಕೆಳಗೆ ನಿಂತು ಕತ್ತು ನೋಯುವವರೆಗೆ ನೋಡುವುದು, ಮೇಲೆ ಹೋಗಿ ಈ ತುದಿಯಿಂದ ಆ ತುದಿಗೆ ನಡೆಯುವುದು, ವಾಪಸು ಬರುವುದು. ಮುಹೂರ್ತದ ದಿನಗಳಲ್ಲಿ ಪಜೀತಿ. ಒಮ್ಮೆ ಯಾರೋ ಯಜಮಾನರು ಕೈಹಿಡಿದು ಊಟಕ್ಕೆ ಕೂರಿಸಿಯೇಬಿಟ್ಟರು. "ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?" ಎಂದು ಕೇಳಿದರು. ಹೆಣ್ಣಿನ ಕಡೆ ಎಂದೆ. ಸುಳ್ಳೇನೂ ಆಗಲಿಲ್ಲ.

ನಿನ್ನೆ ಹೋದಾಗ ಒಂದು ಭಾಷಣವನ್ನೇ ಬಾಯಿಪಾಠ ಮಾಡಿಕೊಂಡಿದ್ದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ. ಕೂರಿಸಿ, ಟೀ ತರಿಸಿ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಹಳೇ ಹಾಲ್ ಹೋದ ಮೇಲೆ ಇದು ಯಾವುದರ ಮೇಲೆ ಕೂರ್ತದೆ ಸಾರ್, ನೀವೇ ಹೇಳಿ." ಅನ್ನಪೂರ್ಣ ಇದ್ದಿದ್ದರೂ ಇದನ್ನೇ ಕೇಳುತ್ತಿದ್ದಳು. ಟೀ ಮುಗಿಸಿ ಹೊರಗೆ ಬಂದು ಬೇವಿನ ಮರದ ನೆರಳಲ್ಲಿ ನಿಂತೆ. ಬಿಚ್ಚುವುದನ್ನು ನೋಡದೆ ಹೊರಟುಬಿಡೋಣ ಎನಿಸಿತು, ಕಾಲು ಏಳಲಿಲ್ಲ.

ಸ್ಪ್ಯಾನರ್ ಹಿಡಿದು ಮೇಲೆ ಹತ್ತುತ್ತಾರೆಂದು ಕಾಯುತ್ತಿದ್ದೆ. ಯಾರೂ ಹತ್ತಲಿಲ್ಲ. ಸೆಲ್ವಣ್ಣನ ಹುಡುಗರು ಸೇತುವೆಯ ಕೆಳಗೆ ಕಬ್ಬಿಣದ ಅಟ್ಟಣೆ ಕಟ್ಟತೊಡಗಿದರು. ಅದರ ಮೇಲೆ ದಿಮ್ಮಿ, ದಿಮ್ಮಿಯ ಮೇಲೆ ಭಾರ ಎತ್ತುವ ಜಾಕಿ. ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಯಿತು. ತೆಗೆದುಹಾಕುವ ಸೇತುವೆಗೆ ಇಷ್ಟು ಉಪಚಾರ ಏಕೆ ಎಂದು ಸೆಲ್ವಣ್ಣನನ್ನು ಕೇಳಿದೆ.

"ಬಿಚ್ಚೋ ಮುಂಚೆ ಭಾರ ಹಿಡಿಯೋರು ರೆಡಿ ಇರ್ಬೇಕು ಸಾರ್, ಮೇಡಮ್ ಹೇಳ್ಕೊಟ್ಟಿದ್ದು. ಜಾಕಿ ನಿಧಾನ ಏರಿಸ್ಬೇಕು. ಭಾರ ಯಾವಾಗ ಕೈ ಬದಲಾಯ್ತು ಅಂತ ಬೋಲ್ಟಿಗೆ ಗೊತ್ತಾಗಬಾರದು ಅಂತಿದ್ರು. ಆಮೇಲೆ ನೋಡಿ, ಬೆರಳಲ್ಲೇ ತಿರುಗ್ತದೆ."

ಅವರು ಸನ್ನೆ ಮಾಡಿದರು. ಹುಡುಗರು ಜಾಕಿಗಳನ್ನು ಒಂದೇ ಹದದಲ್ಲಿ ತಿರುಗಿಸಿದರು. ಏನೂ ಆದಂತೆ ಕಾಣಲಿಲ್ಲ. ಸೇತುವೆ ಎದ್ದದ್ದು ಕಣ್ಣಿಗೆ ಬೀಳಲಿಲ್ಲ, ಕಿರ್ ಎಂಬ ಸದ್ದೂ ಬರಲಿಲ್ಲ. ಆದರೆ ಈಗ ಅದು ಎರಡು ಕಟ್ಟಡಗಳ ಮೇಲಿರಲಿಲ್ಲ, ಕೆಳಗಿನ ಆಸರೆಯ ಮೇಲಿತ್ತು.

ಅದನ್ನು ನೋಡುತ್ತಿದ್ದಂತೆ ನನಗೆ ನಮ್ಮ ಅಡುಗೆಮನೆ ನೆನಪಾಯಿತು. ನಿಮಗೆ ಹೇಳದೆ ಉಳಿಸಿಕೊಂಡ ಒಂದು ವಿಷಯವಿದೆ. ಅನ್ನಪೂರ್ಣಳ ಕೊನೆಯ ತಿಂಗಳುಗಳ ಬಗ್ಗೆ ನನ್ನೊಳಗೆ ಒಂದು ಮುನಿಸಿತ್ತು. ಕಾಯಿಲೆ ಗುಣವಾಗುವುದಲ್ಲ ಎಂದು ಗೊತ್ತಾದಮೇಲೆ ಅವಳ ಪಕ್ಕದಲ್ಲೇ ಕೂತಿರಬೇಕೆಂದು ನಾನು ಅಂಗಡಿಯನ್ನೇ ಮರೆತಿದ್ದೆ. ಅವಳು ನನ್ನನ್ನು ಕೂರಗೊಡಲಿಲ್ಲ. ಹೆಸರು ಅನ್ನಪೂರ್ಣ ಎಂದಿದ್ದರೂ ಅಡುಗೆಮನೆಯೆಂದರೆ ಅಷ್ಟಕ್ಕಷ್ಟೇ ಆಗಿದ್ದವಳು, ಸ್ಟೂಲಿನ ಮೇಲೆ ಕೂತು ನನ್ನಿಂದ ಸಾರು ಮಾಡಿಸಿದಳು. ಉಪ್ಪು ಹೆಚ್ಚಾದರೆ ಮರುದಿನ ಮತ್ತೆ ಮಾಡಿಸಿದಳು. ಬೆಳಗಿನ ವಾಕಿಂಗ್ ಗುಂಪನ್ನು ಕೆಲಸವಿಲ್ಲದವರ ಹರಟೆ ಎನ್ನುತ್ತಿದ್ದವಳು, ನಾನು ಅವರ ಜೊತೆ ಹೋಗಲೇಬೇಕೆಂದು ಹಟ ಹಿಡಿದಳು. "ನಿನ್ನ ಬಿಟ್ಟು ಗಾಳಿಗೆ ಹೋಗೋನಲ್ಲ ನಾನು" ಎಂದು ಜಗಳವಾಡಿದೆ. "ಹೋಗಿ ಬನ್ನಿ, ನಾನೆಲ್ಲೂ ಹೋಗಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಕಣ್ಣಿನಿಂದ ಮರೆಯಾಗಲಿ ಎಂದೇ ಬಯಸುತ್ತಿದ್ದಾಳೆ ಎಂದು ತಿಳಿದೆ. ಉಳಿದಿದ್ದ ಸ್ವಲ್ಪ ಹೊತ್ತನ್ನೂ ನನಗೆ ಕೊಡಲಿಲ್ಲ ಎಂಬ ನೋವು ಇಷ್ಟು ದಿನ ಹೊಟ್ಟೆಯಲ್ಲಿ ಕೂತಿತ್ತು.

ನಿನ್ನೆ ಬೇವಿನ ಮರದ ಕೆಳಗೆ ನಿಂತಾಗ, ಅವಳು ನನ್ನನ್ನು ದೂರ ತಳ್ಳುತ್ತಿರಲಿಲ್ಲ ಎಂದು ಅರ್ಥವಾಯಿತು. ನನ್ನ ಕೆಳಗೆ ಜಾಕಿ ಇಡುತ್ತಿದ್ದಳು. ಮೇಲೆ ಬೋಲ್ಟುಗಳು ಸೆಲ್ವಣ್ಣ ಹೇಳಿದಂತೆಯೇ ಸಲೀಸಾಗಿ ಬಿಚ್ಚಿಕೊಂಡವು. ಎಲ್ಲೂ ಕತ್ತರಿಸಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಸೇತುವೆ ಲಾರಿಯ ಮೇಲಿತ್ತು. "ಸದ್ಯಕ್ಕೆ ನಮ್ಮ ಶೆಡ್ಡಲ್ಲಿ ಇರ್ತದೆ ಸಾರ್, ಯಾರಾದ್ರೂ ಕೇಳ್ತಾರೆ" ಎಂದರು ಸೆಲ್ವಣ್ಣ. ನಾನು ಅತ್ತೆ. ನಾನು ಸೇತುವೆಗಾಗಿ ಅಳುತ್ತಿದ್ದೇನೆಂದುಕೊಂಡು ಅವರು ಬೆನ್ನು ಸವರಿದರು.

ಇದನ್ನು ಬರೆಯುತ್ತ ಇಲ್ಲಿ ಸಂಜೆಯಾಗಿದೆ. ಎದುರು ಮನೆಯ ಕೆಲಸದವರು ಹೋದರು. ಈಗಷ್ಟೇ ರುದ್ರಪ್ಪನವರ ಫೋನ್ ಬಂತು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅದೇ ವಾಕಿಂಗ್ ಗುಂಪಿನವರು. ಅನ್ನಪೂರ್ಣ ಹೋದಾಗಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡುತ್ತಾರೆ. ವಿಷಯವೇನೂ ಇರುವುದಿಲ್ಲ. ಇವತ್ತು ಏನು ಸಾರು ಎಂದು ಕೇಳುತ್ತಾರೆ, ನಾನು ಒಂದು ಮಾತಿನಲ್ಲಿ ಹೇಳಿ ಇಟ್ಟುಬಿಡುತ್ತೇನೆ. ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಎಂದು ಎಷ್ಟೋ ಸಲ ಗೊಣಗಿದ್ದೇನೆ.

"ರುದ್ರಪ್ಪನವರೇ, ನಮ್ಮನೆಯವಳು ನಿಮಗೇನಾದ್ರೂ ಹೇಳಿದ್ಲಾ?" ಎಂದು ಕೇಳಿದೆ.

ಆ ಕಡೆ ಅವರು ಟಿ.ವಿ.ಯ ಸದ್ದು ತಗ್ಗಿಸಿದರು.

"ಅಂಥದ್ದೇನಿಲ್ಲ ಮಾರಾಯ್ರೆ. ಒಂದಿನ ಆಟೋ ಮಾಡ್ಕೊಂಡು ಮನೆಗೆ ಬಂದಿದ್ರು. ಮೆಟ್ಟಿಲು ಹತ್ತೋಕೂ ಆಗ್ತಿರ್ಲಿಲ್ಲ, ಗೇಟಲ್ಲೇ ನಿಂತು ಮಾತಾಡಿದ್ರು. ನಮ್ಮನೆಯವರು ತಾವಾಗಿ ಯಾರಿಗೂ ಫೋನ್ ಮಾಡೋರಲ್ಲ, ನೀವೇ ಮಾಡಿ, ಆದ್ರೆ ನಾನು ಹೇಳಿದ್ದು ಅವರಿಗೆ ಗೊತ್ತಾಗೋದು ಬೇಡ ಅಂದ್ರು."

"ಗೊತ್ತಾಗಲಿಲ್ಲ" ಎಂದೆ.

ಅವರು ಫೋನ್ ಇಡಲಿಲ್ಲ. ಆಮೇಲೆ ಎಂದಿನಂತೆ, ಇವತ್ತು ಏನು ಸಾರು ಎಂದು ಕೇಳಿದರು. ಇನ್ನೂ ಮಾಡಿಲ್ಲ, ಹುರುಳಿಕಾಳು ನೆನೆಸಿಟ್ಟಿದ್ದೇನೆ ಎಂದೆ. ಎಂದೂ ಕೇಳದ ನಾನು, ನಿಮ್ಮನೆಯಲ್ಲಿ ಏನು ಎಂದು ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.